ಆಟಗಾರನನ್ನೇ ಓದುವ ಜೂಜುಕಟ್ಟೆ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆ ಹತ್ತಿ ಬೆಳೆಯುವ ನಾಡು. ಮಟ್ಕಾ ಜೂಜಿನ ಮೂಲವೂ ಹತ್ತಿಯೇ ಎಂಬುದು ಸೋಜಿಗದ ಸಂಗತಿ. ನ್ಯೂಯಾರ್ಕಿನಿಂದ ಮುಂಬಯಿಗೆ ತಲಪುತ್ತಿದ್ದ ಹತ್ತಿಯ ದರಗಳ ಮೇಲೆ ಜನ ಪಣ ಒಡ್ಡುತ್ತಿದ್ದರು. ಮಟ್ಕಾ ಚೀಟಿ ಬರೆಯುವವನಿಗೆ ಬೇಕಾದುದು ಅಂಕಿ ಮತ್ತು ಹಣ, ಅಷ್ಟೆ. ಮೊಬೈಲಿನೊಳಗೆ ಬಂದು ಕುಳಿತ ಆನ್‌ಲೈನ್ ಕ್ಯಾಸಿನೋಗೆ ಅಷ್ಟು ಸಾಲದು. ಅದಕ್ಕೆ ಆಟಗಾರನ ಸ್ವಭಾವವೇ ಬೇಕು.

ಅವನು ಎಷ್ಟು ಹೊತ್ತಿಗೆ ಬಂದ, ಎಷ್ಟು ಪಣವಿಟ್ಟ, ಸೋತ ಎಷ್ಟು ನಿಮಿಷಕ್ಕೆ ಮತ್ತೆ ಹಣ ತುಂಬಿದ, ಯಾವ ಫೋನಿನಿಂದ ಆಡಿದ ಎಂಬುದೆಲ್ಲ ದಾಖಲಾಗುತ್ತದೆ. ಆ ಲೆಕ್ಕದ ಮೇಲೆ ಗಣಕಯಂತ್ರವು ಆಟಗಾರರನ್ನು ವರ್ಗ ವರ್ಗವಾಗಿ ವಿಂಗಡಿಸುತ್ತದೆ. ಹೆಚ್ಚು ಹಣ ಸುರಿಯುವವನಿಗೆ ವಿಶೇಷ ಉಪಚಾರ. ಕೆಲವು ದಿನ ಬಾರದವನಿಗೆ ‘ಬೋನಸ್’ ಎಂಬ ಕರೆಯೋಲೆ.

ಇದೇ ಲೆಕ್ಕದಿಂದ ಚಟಕ್ಕೆ ಬೀಳುತ್ತಿರುವವನನ್ನು ಗುರುತಿಸಿ ತಡೆಯಲೂ ಬರುತ್ತದೆ. ಬ್ರಿಟನ್ನಿನಲ್ಲಿ ಪರವಾನಗಿ ಪಡೆದ ಸಂಸ್ಥೆಗಳಿಗೆ ಇಂಥ ನಿಗಾ ಕಡ್ಡಾಯ. ಅಂದಮೇಲೆ ದೋಷ ಯಂತ್ರದ್ದಲ್ಲ, ಅದನ್ನು ನಡೆಸುವ ಲೋಭದ್ದು.

ಆನ್‌ಲೈನ್ ಜೂಜಿನ ಮೇಲೆ ಕರ್ನಾಟಕವು 2021ರಲ್ಲಿ ತಂದ ನಿಷೇಧ 2022ರ ಫೆಬ್ರವರಿಯಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. 2025ರ ಆಗಸ್ಟಿನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ದೇಶಾದ್ಯಂತ ನಿಷೇಧಿಸುವ ಕಾಯದೆಯನ್ನು ಸಂಸತ್ತು ಅಂಗೀಕರಿಸಿತು. ಆದರೂ ಹೊರದೇಶದಲ್ಲಿ ಕುಳಿತವರ ಕಡತಗಳು ನಮ್ಮ ಕಾನೂನಿನ ಕೈಗೆ ಸುಲಭವಾಗಿ ಎಟುಕವು.

ಮಗ ಸೋಲುತ್ತಿರುವುದು ದೂರದ ಯಂತ್ರಕ್ಕೆ ಮೊದಲ ರಾತ್ರಿಯೇ ತಿಳಿಯುತ್ತದೆ. ಮನೆಯವರಿಗೆ ತಿಳಿಯುವುದು ಸಾಲಗಾರರು ಬಾಗಿಲಿಗೆ ಬಂದಾಗ. ಬೈಗುಳದ ಭಯವಿಲ್ಲದೆ ಅವನು ಬಾಯಿಬಿಡುವಂಥ ಮನೆಯಿದ್ದರೆ, ಯಂತ್ರಕ್ಕಿಂತ ಮೊದಲು ಅವನ ಕೈ ಹಿಡಿಯಬಹುದು.