ಹಂದಿಯ ರಕ್ತಗುಂಪು ಹೇಳಿದ ಗುಟ್ಟು

1960 ಮತ್ತು 1970ರ ದಶಕಗಳಲ್ಲಿ ಯೂರೋಪಿನ ಹಂದಿ ಸಾಕಣೆದಾರರನ್ನು ಒಂದು ಸಮಸ್ಯೆ ಕಾಡುತ್ತಿತ್ತು. ಮೈತುಂಬ ಮಾಂಸವಿದ್ದು ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಹಂದಿಗಳು ಲಾರಿಯಲ್ಲಿ ಸಾಗಿಸುವಾಗಲೋ, ಒಂದರೊಡನೊಂದು ಕಾದಾಡಿದಾಗಲೋ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ, ಕಾಲು ಸೆಟೆದು, ಸತ್ತುಬೀಳುತ್ತಿದ್ದವು. ಬದುಕಿ ಕಸಾಯಿಖಾನೆ ಮುಟ್ಟಿದ ಇಂಥ ಹಂದಿಗಳ ಮಾಂಸವಾದರೂ ಬಿಳಿಚಿಕೊಂಡು, ಮೆತ್ತಗಾಗಿ, ನೀರು ಸೋರುತ್ತಿತ್ತು. ಬೆಲ್ಜಿಯಮ್ಮಿನ ಪಿಯೆಟ್ರೈನ್ ತಳಿಯಲ್ಲಿ ಈ ತೊಂದರೆ ಬಹಳ ಹೆಚ್ಚು.

ಇಂಥ ಹಂದಿಗಳನ್ನು ಮೊದಲೇ ಗುರುತಿಸುವುದು ಹೇಗೆ? 1974ರಲ್ಲಿ ನೆದರ್ಲೆಂಡ್ಸಿನ ಐಕೆಲೆನ್‌ಬೂಮ್ ಮತ್ತು ಮಿಂಕೆಮಾ ಒಂದು ಪರೀಕ್ಷೆಯನ್ನು ಸೂಚಿಸಿದರು. ಮರಿಗೆ ಹ್ಯಾಲೊಥೇನ್ ಎಂಬ ಅರಿವಳಿಕೆಯನ್ನು ಕೆಲವು ನಿಮಿಷ ಮುಖವಾಡದ ಮೂಲಕ ಉಸಿರಾಡಿಸಬೇಕು. ಸಾಮಾನ್ಯ ಮರಿಯ ಸ್ನಾಯು ಸಡಿಲವಾಗುತ್ತದೆ, ದೋಷವಿರುವ ಮರಿಯ ಕಾಲು ಸೆಟೆದುಕೊಳ್ಳುತ್ತದೆ. ಈ ಗುಣಕ್ಕೆ ಒಂದೇ ಜೀನ್ ಕಾರಣವೆಂದು ತಿಳಿದುಬಂತು. ಅದಕ್ಕೆ ‘ಹ್ಯಾಲ್’ ಎಂದು ಹೆಸರಿಟ್ಟರು.

ಆದರೆ ಒಂದು ತೊಡಕು ಉಳಿಯಿತು. ಹ್ಯಾಲ್ ಜೀನ್‌ನ ಸಹಜ ರೂಪವನ್ನು ‘ಸ’ ಎಂದೂ ದೋಷರೂಪವನ್ನು ‘ದ’ ಎಂದೂ ಕರೆಯೋಣ. ದೋಷರೂಪ ಅಪ್ರಬಲ. ಹಾಗಾಗಿ ತಂದೆ ತಾಯಿ ಇಬ್ಬರಿಂದಲೂ ‘ದ’ ಪಡೆದ ಮರಿ ಮಾತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ‘ಸಸ’ ಮತ್ತು ‘ಸದ’ ಮರಿಗಳೆರಡೂ ಒಂದೇ ರೀತಿ ವರ್ತಿಸುತ್ತವೆ. ‘ಸದ’ ಹಂದಿ ದೋಷವನ್ನು ಒಳಗೇ ಬಚ್ಚಿಟ್ಟುಕೊಂಡು ಮುಂದಿನ ಪೀಳಿಗೆಗೆ ದಾಟಿಸುತ್ತದೆ. ಅದನ್ನು ಪತ್ತೆಹಚ್ಚಲು ನೆರವಾದದ್ದು ರಕ್ತದ ಪರೀಕ್ಷೆ.

ಜೊತೆಯಾಗಿ ಸಾಗುವ ಜೀನ್‌ಗಳು

ಹಂದಿಯ ಜೀವಕೋಶದಲ್ಲಿ 19 ಜೊತೆ, ಅಂದರೆ 38 ಕ್ರೋಮೊಸೋಮ್‌ಗಳಿವೆ. ಜೀನ್‌ಗಳ ಸಂಖ್ಯೆಯಾದರೋ ಸಾವಿರಾರು. ಆದ್ದರಿಂದ ಒಂದೊಂದು ಕ್ರೋಮೊಸೋಮಿನಲ್ಲೂ ಅನೇಕ ಜೀನ್‌ಗಳು ಸಾಲಾಗಿ ಇರಲೇಬೇಕು. ಒಂದೇ ಕ್ರೋಮೊಸೋಮಿನ ಮೇಲೆ ಹತ್ತಿರ ಹತ್ತಿರ ಇರುವ ಜೀನ್‌ಗಳು ಸಾಮಾನ್ಯವಾಗಿ ಜೊತೆಯಾಗಿಯೇ ಮರಿಗೆ ಹೋಗುತ್ತವೆ. ಇದನ್ನೇ ಲಿಂಕೇಜ್ ಅಥವಾ ಸಹಲಗ್ನತೆ ಎನ್ನುತ್ತಾರೆ.

ಆದರೆ ಈ ಜೊತೆ ಶಾಶ್ವತವಲ್ಲ. ವೀರ್ಯಾಣು ಅಥವಾ ಅಂಡ ತಯಾರಾಗುವಾಗ ಜೊತೆ ಕ್ರೋಮೊಸೋಮ್‌ಗಳು ಅಕ್ಕಪಕ್ಕ ನಿಂತು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಎರಡು ಜೀನ್‌ಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಅವುಗಳ ನಡುವೆ ಅದಲುಬದಲು ನಡೆಯುವ ಸಂಭವ ಹೆಚ್ಚು. ಹಾಗಾದರೆ ಜೊತೆ ಮುರಿದ ಮರಿಗಳನ್ನು ಎಣಿಸಿ ಜೀನ್‌ಗಳ ಅಂತರವನ್ನೇ ಅಳೆಯಬಹುದಲ್ಲವೆ? ಅಮೆರಿಕದ ಮಾರ್ಗನ್ ಅವರ ಶಿಷ್ಯ ಸ್ಟರ್ಟೆವಂಟ್ 1913ರಲ್ಲಿ ಹಣ್ಣುನೊಣದ ಜೀನ್ ನಕ್ಷೆಯನ್ನು ಹೀಗೆಯೇ ರಚಿಸಿದರು. ಅಂತರ ಕಡಿಮೆಯಿದ್ದಾಗ, 100 ಮರಿಗಳಲ್ಲಿ ಒಂದರಲ್ಲಿ ಜೊತೆ ಮುರಿದರೆ ಆ ದೂರ 1 ಸೆಂಟಿಮಾರ್ಗನ್. ಆದರೆ ಈ ಪ್ರಮಾಣ 50%ನ್ನು ಮೀರುವುದಿಲ್ಲ. ಏಕೆಂದರೆ ನಡುವೆ ಎರಡು ಸಲ ಅದಲುಬದಲಾದರೆ ಮೊದಲಿನ ಜೊತೆ ಮರಳಿ ಬಂದುಬಿಡಬಹುದು.

ಆರು ಮಣಿಗಳ ಸರ

ಹಂದಿಯ ರಕ್ತದಲ್ಲಿ ಸುಲಭವಾಗಿ ಗುರುತಿಸಬಹುದಾದ ಗುಣಗಳು ಬಹಳಷ್ಟಿವೆ. ನಮಗಿರುವಂತೆಯೇ ಹಂದಿಗೂ ರಕ್ತಗುಂಪುಗಳಿವೆ. ‘ಎಚ್’ ಅವುಗಳಲ್ಲೊಂದು. ‘ಎಸ್’ ಎಂಬ ಇನ್ನೊಂದು ಜೀನ್, ಕೆಂಪುಕಣಗಳ ಮೇಲೆ ‘ಎ’ ಅಥವಾ ‘ಓ’ ಗುಂಪಿನ ಗುರುತು ಕಾಣಿಸಬೇಕೆ ಬೇಡವೆ ಎಂಬುದನ್ನು ನಿರ್ಧರಿಸುತ್ತದೆ. ಇವಲ್ಲದೆ ಕೆಂಪುಕಣಗಳೊಳಗೆ ಕಿಣ್ವಗಳಿವೆ. ಫಾಸ್ಫೊಹೆಕ್ಸೋಸ್ ಐಸೊಮರೇಸ್, ಚಿಕ್ಕದಾಗಿ ಪಿಎಚ್‌ಐ, ಸಕ್ಕರೆಯನ್ನು ಒಡೆಯುವ ಹಾದಿಯಲ್ಲಿ ಕೆಲಸ ಮಾಡುವ ಕಿಣ್ವ. ಇದಕ್ಕೆ ‘ಎ’ ಮತ್ತು ‘ಬಿ’ ಎಂಬ ಎರಡು ರೂಪಗಳು. ಪಿಷ್ಟದ ಜೆಲ್ಲಿನಲ್ಲಿ ವಿದ್ಯುತ್ ಹಾಯಿಸಿದರೆ ಎರಡೂ ಬೇರೆ ಬೇರೆ ವೇಗದಲ್ಲಿ ಸರಿಯುತ್ತವೆ. ‘ಎಎ’ ಹಂದಿಯಲ್ಲಿ ಒಂದು ಪಟ್ಟಿ, ‘ಬಿಬಿ’ಯಲ್ಲಿ ಬೇರೆಡೆ ಒಂದು ಪಟ್ಟಿ, ‘ಎಬಿ’ಯಲ್ಲಿ ಮೂರು ಪಟ್ಟಿ. ಕಿಣ್ವದ ಅಣು ಎರಡು ಘಟಕಗಳ ಜೋಡಿಯಾದ್ದರಿಂದ ಮಿಶ್ರಜೋಡಿಯೂ ಉಂಟಾಗಿ ನಡುವೆ ಮೂರನೆಯ ಪಟ್ಟಿ ಮೂಡುತ್ತದೆ. ಹೀಗಾಗಿ ಇಲ್ಲಿ ಯಾವ ರೂಪವೂ ಬಚ್ಚಿಟ್ಟುಕೊಳ್ಳಲಾರದು.

ಡೆನ್ಮಾರ್ಕಿನ ಆಂಡ್ರೆಸೆನ್ ಎಚ್ ರಕ್ತಗುಂಪು, ಪಿಎಚ್‌ಐ ಮತ್ತು ಪಿಜಿಡಿ ಎಂಬ ಇನ್ನೊಂದು ಕಿಣ್ವ, ಈ ಮೂರರ ಜೀನ್‌ಗಳೂ ಒಂದೇ ಸಾಲಿನಲ್ಲಿವೆ ಎಂದು 1970ರ ದಶಕದ ಆರಂಭದ ಹೊತ್ತಿಗೆ ತೋರಿಸಿದ್ದರು. 1977ರಲ್ಲಿ ಅವರೂ ಜೆನ್ಸೆನ್ ಅವರೂ ಡೇನಿಶ್ ಲ್ಯಾಂಡ್‌ರೇಸ್ ಹಂದಿಗಳಲ್ಲಿ ಹ್ಯಾಲ್ ಜೀನ್ ಪಿಎಚ್‌ಐಗೆ ತೀರ ಹತ್ತಿರದಲ್ಲಿದೆ ಎಂದು ಕಂಡುಕೊಂಡರು. ಪೋಸ್ಟ್ ಆಲ್ಬುಮಿನ್-2 ಎಂಬ ರಕ್ತದ ಪ್ರೋಟೀನಿನ ಜೀನ್ ಕೂಡ ಇದೇ ಸಾಲಿಗೆ ಸೇರಿತು. ಹಂದಿಯ 6ನೇ ಕ್ರೋಮೊಸೋಮಿನಲ್ಲಿರುವ ಈ ಸರದ ಒಂದು ತುದಿಯಲ್ಲಿ ಎಸ್, ಇನ್ನೊಂದು ತುದಿಯಲ್ಲಿ ಪಿಜಿಡಿ. ಹ್ಯಾಲ್ ಇವುಗಳ ನಡುವೆ.

ಲೆಕ್ಕ ಹೀಗೆ

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಗಂಡು ಹಂದಿಯ ಒಂದು ಕ್ರೋಮೊಸೋಮಿನಲ್ಲಿ ‘ಸ-ಎ’, ಇನ್ನೊಂದರಲ್ಲಿ ‘ದ-ಬಿ’ ಇರಲಿ. ಹೆಣ್ಣಿನ ಎರಡರಲ್ಲೂ ‘ದ-ಬಿ’ ಇರಲಿ. ಆಗ ಜೊತೆ ಮುರಿಯದ ಮರಿಗಳು ಎರಡೇ ಬಗೆ: ಹ್ಯಾಲೊಥೇನ್ ತಡೆದುಕೊಳ್ಳುವ ‘ಎಬಿ’ ಮರಿಗಳು, ಸೆಟೆದುಕೊಳ್ಳುವ ‘ಬಿಬಿ’ ಮರಿಗಳು. ತಡೆದುಕೊಳ್ಳುವ ‘ಬಿಬಿ’ ಅಥವಾ ಸೆಟೆದುಕೊಳ್ಳುವ ‘ಎಬಿ’ ಕಂಡರೆ ಅದಲುಬದಲು ನಡೆದಿದೆ ಎಂದರ್ಥ. ಜೀನ್‌ಗಳ ನಡುವೆ ನಂಟೇ ಇಲ್ಲದಿದ್ದರೆ 100 ಮರಿಗಳಲ್ಲಿ ಇಂಥವು ಸುಮಾರು 50 ಇರಬೇಕು. 4 ಮಾತ್ರ ಸಿಕ್ಕರೆ? ನಂಟು ಬಲವಾಗಿದೆ, ದೂರ ಸುಮಾರು 4 ಸೆಂಟಿಮಾರ್ಗನ್.

ಈಗ ತಂದೆ ತಾಯಿ ಎರಡೂ ‘ಸ-ಎ’ ಮತ್ತು ‘ದ-ಬಿ’ ಹೊತ್ತಿವೆ ಎನ್ನೋಣ. ಇವುಗಳ ‘ಎಎ’ ಮರಿ ದೋಷಮುಕ್ತ ‘ಸಸ’ ಆಗಿರುವ ಸಂಭವ 0.96 × 0.96, ಅಂದರೆ ಸುಮಾರು 92%. ಹ್ಯಾಲೊಥೇನ್ ಪರೀಕ್ಷೆ ಬೇರ್ಪಡಿಸಲಾರದ ‘ಸಸ’ ಮತ್ತು ‘ಸದ’ ಮರಿಗಳನ್ನು ಒಂದು ಹನಿ ರಕ್ತ ಇಷ್ಟರಮಟ್ಟಿಗೆ ಬೇರ್ಪಡಿಸಿತು! ಹ್ಯಾಲ್‌ನ ಎರಡೂ ಬದಿಯಲ್ಲಿ ಇಷ್ಟೇ ದೂರದಲ್ಲಿ ಒಂದೊಂದು ಗುರುತು ಇದ್ದರೆ ಇನ್ನೂ ಒಳ್ಳೆಯದು. ಎರಡು ಗುರುತುಗಳೂ ಜೊತೆಯಾಗಿ ಬಂದಿದ್ದು ನಡುವಿನ ಹ್ಯಾಲ್ ಮಾತ್ರ ಬದಲಾಗಲು ಎರಡೂ ಕಡೆ ಅದಲುಬದಲು ನಡೆಯಬೇಕು. ಆ ಸಂಭವ ಸಾವಿರಕ್ಕೆ ಎರಡಕ್ಕಿಂತ ಕಡಿಮೆ. ಸ್ವೀಡನ್ನಿನ ಗಾಹ್ನೆ ಮತ್ತು ಜುನೇಜಾ 1980ರ ದಶಕದಲ್ಲಿ ಇಂಥ ಹಲವು ಗುರುತುಗಳನ್ನು ಒಟ್ಟಿಗೆ ಬಳಸಿ, ದೊಡ್ಡ ಪ್ರಮಾಣದಲ್ಲಿ ಹಂದಿಗಳ ಹ್ಯಾಲ್ ಜೀನ್ ಪತ್ತೆಹಚ್ಚಿದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಬಿ’ ಕಿಣ್ವ ರೋಗಕ್ಕೆ ಕಾರಣವಲ್ಲ, ಅದು ಬರಿಯ ನೆರೆಮನೆಯ ವಿಳಾಸ. ಇನ್ನೊಂದು ಕುಟುಂಬದಲ್ಲಿ ‘ದ’ ರೂಪವು ‘ಎ’ ಜೊತೆಗೇ ಇರಬಹುದು. ಆದ್ದರಿಂದ ತಂದೆ, ತಾಯಿ, ಒಡಹುಟ್ಟಿದ ಮರಿಗಳು ಎಲ್ಲವನ್ನೂ ಪರೀಕ್ಷಿಸದೆ ಒಂಟಿ ಹಂದಿಯ ರಕ್ತ ನೋಡಿ ತೀರ್ಪು ಕೊಡುವಂತಿಲ್ಲ.

ಹಂದಿಯಿಂದ ಮನುಷ್ಯನಿಗೆ

1960ರಲ್ಲಿ ಮೆಲ್ಬರ್ನಿನ ಡೆನ್‌ಬರೊ ಮತ್ತು ಲವೆಲ್ ಒಂದು ವಿಚಿತ್ರ ಪ್ರಕರಣವನ್ನು ವರದಿ ಮಾಡಿದರು. ಕಾಲು ಮುರಿದುಕೊಂಡು ಬಂದ 21 ವರ್ಷದ ತರುಣನಿಗೆ ಮುರಿದ ಕಾಲಿಗಿಂತ ಅರಿವಳಿಕೆಯದೇ ಹೆದರಿಕೆ. ಅವನ ಸಂಬಂಧಿಕರಲ್ಲಿ 10 ಮಂದಿ ಅರಿವಳಿಕೆ ಪಡೆದಾಗ ಸತ್ತಿದ್ದರು. ಹ್ಯಾಲೊಥೇನ್ ಕೊಟ್ಟಾಗ ಅವನೂ ಅಪಾಯಕ್ಕೆ ಸಿಲುಕಿದ, ಆದರೆ ಬದುಕಿದ. ‘ಮಾರಕ ಅತಿಜ್ವರ’ ಎಂಬ ಈ ಆನುವಂಶಿಕ ತೊಂದರೆಯ ಲಕ್ಷಣಗಳು ಹಂದಿಯ ಲಕ್ಷಣಗಳನ್ನೇ ಹೋಲುತ್ತವೆ. ಒಂದು ವ್ಯತ್ಯಾಸವೆಂದರೆ, ಮನುಷ್ಯರಲ್ಲಿ ದೋಷದ ಒಂದೇ ಪ್ರತಿ ಇದ್ದರೂ ಅಪಾಯವುಂಟು.

ಮನುಷ್ಯರಲ್ಲಿ ಪಿಎಚ್‌ಐ ಕಿಣ್ವದ ಜೀನ್ 19ನೇ ಕ್ರೋಮೊಸೋಮಿನಲ್ಲಿದೆ ಎಂಬುದು ಆ ವೇಳೆಗಾಗಲೇ ಗೊತ್ತಿತ್ತು. ಹಂದಿಯಲ್ಲಿ ಹ್ಯಾಲ್ ಅದರ ನೆರೆಯಲ್ಲಿದ್ದರೆ, ಮನುಷ್ಯನ ದೋಷವನ್ನೂ ಅಲ್ಲಿಯೇ ಹುಡುಕಬೇಡವೆ? 1990ರಲ್ಲಿ ಐರ್ಲೆಂಡಿನ ಕುಟುಂಬಗಳ ಅಧ್ಯಯನ ಅದನ್ನು ಅಲ್ಲಿಯೇ ಗುರುತಿಸಿತು. ಅದೇ ವರ್ಷ ಟೊರಾಂಟೊದ ಮ್ಯಾಕ್‌ಲೆನನ್ ತಂಡ ಆ ಜಾಗದಲ್ಲಿರುವ ರಯನೊಡೀನ್ ಗ್ರಾಹಕದ ಜೀನ್ ಕಡೆಗೆ ಬೆರಳು ತೋರಿತು. ಈ ಗ್ರಾಹಕವು ಸ್ನಾಯುಕೋಶದ ಉಗ್ರಾಣದಿಂದ ಕ್ಯಾಲ್ಸಿಯಮ್ ಹೊರಬಿಡುವ ಬಾಗಿಲು. 1991ರಲ್ಲಿ ಫುಜಿ ಮತ್ತಿತರರು ಹಂದಿಯ ದೋಷವನ್ನು ಕಂಡುಹಿಡಿದರು. ಸುಮಾರು 5,000 ಅಮೈನೊ ಆಮ್ಲಗಳ ಈ ಪ್ರೋಟೀನಿನಲ್ಲಿ 615ನೇ ಸ್ಥಾನದ ಆರ್ಜಿನೀನ್ ಬದಲು ಸಿಸ್ಟೀನ್ ಬಂದಿತ್ತು, ಅಷ್ಟೆ. ಬಾಗಿಲು ಸರಿಯಾಗಿ ಮುಚ್ಚದೆ ಕ್ಯಾಲ್ಸಿಯಮ್ ನುಗ್ಗಿ, ಸ್ನಾಯು ಬಿಗಿದು, ಶಾಖ ಮತ್ತು ಲ್ಯಾಕ್ಟಿಕ್ ಆಮ್ಲ ಏರುತ್ತವೆ. ಬಿಸಿಯಾದ, ಆಮ್ಲೀಯವಾದ ಮಾಂಸದ ಪ್ರೋಟೀನುಗಳು ನೀರನ್ನು ಹಿಡಿದಿಡಲಾರವು. ಮಾಂಸ ನೀರು ಸೋರುವುದೂ ಇದರಿಂದಲೇ.

ಅಲ್ಲಿಂದಾಚೆಗೆ ನೇರವಾದ ಡಿಎನ್‌ಎ ಪರೀಕ್ಷೆ ಬಂದು, ಹ್ಯಾಲ್ ಪತ್ತೆಗೆ ರಕ್ತಗುಂಪಿನ ಅಗತ್ಯ ಉಳಿಯಲಿಲ್ಲ. ಮನುಷ್ಯರ ಚಿಕಿತ್ಸೆಗೂ ಹಂದಿಯೇ ದಾರಿ ತೋರಿತು. ಡ್ಯಾಂಟ್ರೊಲೀನ್ ಎಂಬ ಔಷಧ ಈ ಜ್ವರವನ್ನು ತಡೆಯುತ್ತದೆಂದು 1975ರಲ್ಲಿ ದಕ್ಷಿಣ ಆಫ್ರಿಕದ ಹ್ಯಾರಿಸನ್ ಹಂದಿಗಳಲ್ಲಿಯೇ ತೋರಿಸಿದ್ದರು. ಮೊದಮೊದಲು ಮಾರಕ ಅತಿಜ್ವರಕ್ಕೆ ಗುರಿಯಾದವರಲ್ಲಿ ಸುಮಾರು 70% ಮಂದಿ ಸಾಯುತ್ತಿದ್ದರು. ತಕ್ಷಣ ಗುರುತಿಸಿ ಈ ಔಷಧ ಕೊಟ್ಟರೆ ಈಗ ಬಹುಪಾಲು ಮಂದಿ ಬದುಕುತ್ತಾರೆ. ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೀವ್ರ ತೊಂದರೆಯಾಗಿದ್ದರೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ವೈದ್ಯರಿಗೆ ತಿಳಿಸಿ. ಮೆಲ್ಬರ್ನಿನ ತರುಣ ಮಾಡಿದ್ದೂ ಅದನ್ನೇ.