ಗುಂಡಿನ ಅಚ್ಚಿನ ಕುಳಿಗುರುತು

ಸೀಸವು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದರಿಂದ ಬಂದೂಕಿನ ಗುಂಡನ್ನು ಮನೆಯ ಒಲೆಯಲ್ಲಿಯೇ ಎರಕ ಹೊಯ್ಯಬಹುದು. ಆದರೆ ಒಂದೇ ಅಚ್ಚಿನ ಎರಡು ಕುಳಿಗಳು ಸರ್ವಥಾ ಸಮವಾಗಿರುವುದಿಲ್ಲ; ವ್ಯಾಸವು ನೂರಕ್ಕೆ ಒಂದರಷ್ಟು ಹೆಚ್ಚಿದರೆ ತೂಕವು ಮೂರರಷ್ಟು ಹೆಚ್ಚುವುದು. ಆದಕಾರಣ ಪ್ರತಿ ಕುಳಿಯೊಳಗೂ ಬೇರೆಬೇರೆ ಗೀರನ್ನೋ ಚುಕ್ಕೆಯನ್ನೋ ಕೊರೆದಿಡುವರು. ಕುಳಿಯ ತಗ್ಗು ಗುಂಡಿನಲ್ಲಿ ಉಬ್ಬಾಗಿ, ಅಕ್ಷರವಾದರೆ ತಿರುವುಮುರುವಾಗಿ, ಮೂಡುವುದು. ಇದರಿಂದ ಬೆರೆತ ಗುಂಡುಗಳನ್ನು ಕುಳಿಗನುಸಾರವಾಗಿ ವಿಂಗಡಿಸಬಹುದು.

ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಯ 2000-01ರ ಉತ್ಖನನದಲ್ಲಿ ಗುಂಡುಗಳು ದೊರೆತವು. ಹಳೆಯ ಗುಂಡಿನ ಮೇಲೆ ಗುರುತು ಕಂಡಲ್ಲಿ ಅದನ್ನು ಕೂಡಲೇ ಒಡೆಯನ ಹೆಸರೆಂದು ಓದಬಾರದು. ಉಬ್ಬೋ ಕೊರೆತವೋ ಎಂದು ಮೊದಲು ನೋಡತಕ್ಕುದು. ಉಬ್ಬು ಅಚ್ಚಿನದು, ಕೊರೆತವು ಸಾಮಾನ್ಯವಾಗಿ ಎರಕದ ಅನಂತರದ್ದು. ಸಮಾನ ಸ್ಖಾಲಿತ್ಯಗಳಿಂದ ಓಲೆಪ್ರತಿಗಳ ಮೂಲವನ್ನು ಊಹಿಸುವ ವಿದ್ವಾಂಸರಿಗೆ ಈ ನ್ಯಾಯವು ಅಪರಿಚಿತವಲ್ಲ.