ಒಂದೇ ವಯಸ್ಸು, ಬೇರೆ ಬೇರೆ ಬೆಳವಣಿಗೆ

ಹಾಕಿ ಅಂದರೆ ನಮಗೆ ಗೊತ್ತಿರುವುದು ಮೈದಾನದ ಹಾಕಿ. ಕೆನಡಾ ದೇಶದಲ್ಲಿ ಹಾಕಿ ಅಂದರೆ ಮಂಜುಗಡ್ಡೆಯ ಮೇಲೆ ಆಡುವ ಆಟ. ಕಾಲಿಗೆ ಉಕ್ಕಿನ ಅಲಗು ಇರುವ ಸ್ಕೇಟ್ ಬೂಟು. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಗೋಲಿಯೂ ಸೇರಿ ಒಂದು ಕಡೆಗೆ 6 ಜನ. ಪಕ್ ಇಟ್ಟುಕೊಂಡವನನ್ನು ಎದುರಾಳಿ ಭುಜದಿಂದ, ಸೊಂಟದಿಂದ ಗುದ್ದಿ ತಳ್ಳಬಹುದು. ಇದಕ್ಕೆ ಬಾಡಿ ಚೆಕಿಂಗ್ ಅಂತಾರೆ. ಇದು ಫೌಲ್ ಅಲ್ಲ, ನಿಯಮದಲ್ಲೇ ಇದೆ! ಜಾರುತ್ತಾ ಜೋರಾಗಿ ಬರುವ ದೊಡ್ಡ ಹುಡುಗ ಸಣ್ಣವನಿಗೆ ಗುದ್ದಿದರೆ ಏನಾಗುತ್ತೆ, ನೀವೇ ಯೋಚಿಸಿ.

ಅಲ್ಲಿ ಮಕ್ಕಳನ್ನು ಹುಟ್ಟಿದ ವರ್ಷದ ಪ್ರಕಾರ ಗುಂಪು ಮಾಡುತ್ತಾರೆ. ವರ್ಷದ ಲೆಕ್ಕ ಜನವರಿ 1ರಿಂದ ಶುರು. 1985ರಲ್ಲಿ ರೋಜರ್ ಬಾರ್ನ್ಸ್‌ಲಿ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ಒಂದು ವಿಚಿತ್ರವನ್ನು ಬರೆದು ಪ್ರಕಟಿಸಿದರು. ಒಳ್ಳೊಳ್ಳೆ ತಂಡಗಳಲ್ಲಿ ಜನವರಿ, ಫೆಬ್ರವರಿ, ಮಾರ್ಚಿಯಲ್ಲಿ ಹುಟ್ಟಿದವರೇ ಜಾಸ್ತಿ, ವರ್ಷದ ಕೊನೆಯಲ್ಲಿ ಹುಟ್ಟಿದವರು ತುಂಬಾ ಕಡಿಮೆ! ಇದು ರಾಶಿ ನಕ್ಷತ್ರದ ಮಹಿಮೆ ಏನೂ ಅಲ್ಲ. ಜನವರಿಯ ಹುಡುಗ ಡಿಸೆಂಬರಿನವನಿಗಿಂತ 11 ತಿಂಗಳು ದೊಡ್ಡವನು. ಚಿಕ್ಕ ವಯಸ್ಸಿನಲ್ಲಿ 11 ತಿಂಗಳು ಅಂದರೆ ಬಹಳ ಆಯ್ತು. ಕೋಚ್ ಎತ್ತರದವನನ್ನು ಆರಿಸುತ್ತಾರೆ. ಆರಿಸಿದವನಿಗೆ ಹೆಚ್ಚು ಅಭ್ಯಾಸ, ಹೆಚ್ಚು ಪಂದ್ಯ ಸಿಗುತ್ತವೆ, ಕೊನೆಗೆ ಅವನು ನಿಜವಾಗಿಯೂ ಚೆನ್ನಾಗಿ ಆಡುತ್ತಾನೆ. ಬಿಟ್ಟುಹೋದವನು ಮನೆಯಲ್ಲೇ ಉಳಿದ.

ಹಾಗಾದರೆ ತಿಂಗಳು ನೋಡಿ ಗುಂಪು ಮಾಡಿದರೆ ಸರಿಹೋಗುತ್ತಾ? ಅದೂ ಇಲ್ಲ. ಹುಡುಗರು ಸುಮಾರು 13-14ನೇ ವಯಸ್ಸಿನಲ್ಲಿ ಸರ್ರನೆ ಬೆಳೆಯುತ್ತಾರೆ, ವರ್ಷಕ್ಕೆ 9-10 ಸೆಂ.ಮೀ. ಕೂಡ. ಹುಡುಗಿಯರಿಗೆ ಇದು ಸುಮಾರು 2 ವರ್ಷ ಮೊದಲೇ ಬರುತ್ತೆ. ಆದರೆ ಇದು ಸರಾಸರಿ ಲೆಕ್ಕ. ಒಬ್ಬನಿಗೆ 12ಕ್ಕೇ ಬಂದರೆ ಇನ್ನೊಬ್ಬನಿಗೆ 15 ಆದರೂ ಬಂದಿರುವುದಿಲ್ಲ. ಪ್ರಾರ್ಥನೆ ಸಾಲಿನಲ್ಲಿ ಮೊದಲನೆಯವನಾಗಿ ನಿಲ್ಲುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ!

ಕೆನಡಾದಲ್ಲಿ ಮೊದಲು 11-12ರ ಮಕ್ಕಳಿಗೂ ಕೆಲವು ಕಡೆ ಬಾಡಿ ಚೆಕಿಂಗ್ ಇತ್ತು. ಆಲ್ಬರ್ಟಾ ಪ್ರಾಂತ್ಯದಲ್ಲಿ ಇತ್ತು, ಕ್ವಿಬೆಕ್‌ನಲ್ಲಿ ಇರಲಿಲ್ಲ. ಎರಡೂ ಕಡೆಯ ಮಕ್ಕಳನ್ನು ಹೋಲಿಸಿದ ಅಧ್ಯಯನ 2010ರಲ್ಲಿ ಬಂತು. ಆಲ್ಬರ್ಟಾದ ಮಕ್ಕಳಿಗೆ ಪೆಟ್ಟಾಗುವ ಅಪಾಯ 3 ಪಟ್ಟಿಗಿಂತ ಹೆಚ್ಚು ಎಂದು ಗೊತ್ತಾಯಿತು. ತಲೆಗೆ ಏಟು ಬಿದ್ದು ಮಿದುಳು ಅಲುಗಿದ ಪೆಟ್ಟುಗಳೂ ಅದರಲ್ಲಿ ಸೇರಿದ್ದವು. 2013ರಲ್ಲಿ ಆ ವಯಸ್ಸಿನ ಮಕ್ಕಳಿಗೆ ದೇಶದಲ್ಲೆಲ್ಲಾ ಚೆಕಿಂಗ್ ನಿಲ್ಲಿಸಿದರು. ಈಗ ಅದು ಶುರುವಾಗುವುದು 13-14ರ ಗುಂಪಿನಿಂದ. ಸರಿಯಾಗಿ ಗಮನಿಸಿ, ಮೈಕಟ್ಟಿನಲ್ಲಿ ಅತಿ ಹೆಚ್ಚು ವ್ಯತ್ಯಾಸ ಇರುವುದು ಅದೇ ವಯಸ್ಸಿನಲ್ಲಿ!

ಅದಕ್ಕೇ ಕೆಲವರು ಹೇಳುವುದು, ವಯಸ್ಸು ಬಿಡಿ, ದೇಹ ಎಷ್ಟು ಬಲಿತಿದೆ ನೋಡಿ ಗುಂಪು ಮಾಡಿ ಅಂತ. ಬರೀ ಎತ್ತರ ತೂಕ ನೋಡಿದರೆ ಸಾಲದು. ಕಬಡ್ಡಿಯಲ್ಲಿ ತೂಕದ ಮಿತಿ ಇದೆಯಲ್ಲ, ಬೆಳಗ್ಗೆ ತಿಂಡಿ ಬಿಟ್ಟು ಕಾಟಾ ಹತ್ತುವವರು ನಮ್ಮಲ್ಲೇ ಇದ್ದಾರೆ. ಬಲಿತಿರುವುದು ಬೇರೆ, ತೂಕ ಬೇರೆ. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ಮೂಳೆಯ ವಯಸ್ಸು ತಿಳಿಯುತ್ತೆ. ಅದು ದುಬಾರಿ. 1994ರಲ್ಲಿ ಖಾಮಿಸ್ ಮತ್ತು ರೋಶ್ ಎಂಬುವರು ಎಕ್ಸ್‌ರೇ ಇಲ್ಲದ ಲೆಕ್ಕ ಕೊಟ್ಟರು. ಮಗುವಿನ ವಯಸ್ಸು, ಎತ್ತರ, ತೂಕ, ಅಪ್ಪ ಅಮ್ಮನ ಎತ್ತರ ಗೊತ್ತಿದ್ದರೆ ಮುಂದೆ ಎಷ್ಟು ಎತ್ತರ ಆಗುತ್ತಾನೆ ಅಂತ ಅಂದಾಜು ಮಾಡಬಹುದು.

ಉದಾಹರಣೆಗೆ ಇಬ್ಬರು ಹುಡುಗರು, ಇಬ್ಬರೂ 150 ಸೆಂ.ಮೀ. ಒಬ್ಬ ಮುಂದೆ 176 ಆಗುವವನು. ಅಂದರೆ ಈಗ ಸುಮಾರು ನೂರಕ್ಕೆ 85 ಭಾಗ ಬೆಳೆದಿದ್ದಾನೆ. ಇನ್ನೊಬ್ಬ 160ಕ್ಕೆ ನಿಲ್ಲುವವನು, ಆಗಲೇ ನೂರಕ್ಕೆ 94 ಭಾಗ ಮುಗಿಸಿದ್ದಾನೆ. ಪಕ್ಕದಲ್ಲಿ ನಿಂತರೆ ಸಮ, ಆದರೆ ಎರಡನೆಯವನ ಮೂಳೆ, ಮಾಂಸಖಂಡ ಹೆಚ್ಚು ಬಲಿತಿರುತ್ತವೆ. ಒಂದು ತೊಂದರೆ ಏನೆಂದರೆ ಈ ಲೆಕ್ಕ ಅಮೆರಿಕದ ಮಕ್ಕಳ ಅಳತೆಗಳಿಂದ ಮಾಡಿದ್ದು. ನಮ್ಮ ಊರಿನ ಮಕ್ಕಳಿಗೆ ಹಾಗೇ ಹಾಕುವಂತಿಲ್ಲ.

ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್‌ಗಳು 2010ರ ದಶಕದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದವು. 11ರಿಂದ 14ರ ಹುಡುಗರಲ್ಲಿ ನೂರಕ್ಕೆ 85ರಿಂದ 90 ಭಾಗ ಬೆಳೆದವರನ್ನು ಮಾತ್ರ ಸೇರಿಸಿ ಪಂದ್ಯ ಆಡಿಸಿದರು. ತಡವಾಗಿ ಬೆಳೆಯುವವರಿಗೆ ತಮ್ಮ ಚಳಕ ತೋರಿಸಲು, ಮುಂದಾಳಾಗಲು ಅವಕಾಶ ಸಿಕ್ಕಿತು. ಬೇಗ ಬೆಳೆದವರು ಇದು ಕಷ್ಟ ಅಂದರು. ತಳ್ಳಿ ಓಡುವುದು ನಡೆಯಲಿಲ್ಲ, ಪಾಸ್ ಕೊಡಲೇಬೇಕಾಯಿತು, ಯೋಚಿಸಿ ಆಡಬೇಕಾಯಿತು. ನನಗೆ ಹೆಚ್ಚು ಇಷ್ಟವಾದ್ದು ಈ ಮಾತೇ. ದೊಡ್ಡ ಹುಡುಗನಿಗೂ ಇದರಿಂದ ಲಾಭ ಇದೆ. ಇಲ್ಲವಾದರೆ ಮೈಬಲವೊಂದನ್ನೇ ನಂಬಿಕೊಂಡಿದ್ದು, 18ಕ್ಕೆ ಎಲ್ಲರೂ ಅವನಷ್ಟೇ ಆದಾಗ ಕೈಯಲ್ಲಿ ಏನೂ ಇರುವುದಿಲ್ಲ.

ಆದರೆ 14ರ ಹುಡುಗನನ್ನು 11ರವರ ಜೊತೆ ಬಿಟ್ಟರೆ ಅವನಿಗೆ ಅವಮಾನ ಅನ್ನಿಸುವುದಿಲ್ಲವೇ? ಅನ್ನಿಸಬಹುದು. ಗೆಳೆಯರೂ ತಪ್ಪಿಹೋಗುತ್ತಾರೆ. ಆದ್ದರಿಂದ ವಯಸ್ಸಿನ ಗುಂಪನ್ನು ಪೂರ್ತಿ ತೆಗೆಯದೆ, ನಡುನಡುವೆ ಮಾತ್ರ ಹೀಗೆ ಆಡಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಎಷ್ಟು ವೇಗವಾಗಿ ಬೆಳೆಯುತ್ತಿದ್ದೀರಿ ಅಂತ ತಿಳಿಯಲು ಎಕ್ಸ್‌ರೇ ಬೇಡ. ಚಪ್ಪಲಿ ಬಿಟ್ಟು ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು, ತಲೆಯ ಮೇಲೆ ಪಟ್ಟಿ ಇಟ್ಟು ಗೆರೆ ಹಾಕಿ. ಪಕ್ಕದಲ್ಲಿ ತಾರೀಖು ಬರೆಯಿರಿ. 3 ತಿಂಗಳು ಬಿಟ್ಟು ಅದೇ ಹೊತ್ತಿಗೆ ಮತ್ತೆ ಅಳೆಯಿರಿ, ಯಾಕೆಂದರೆ ಬೆಳಗ್ಗೆಗಿಂತ ಸಂಜೆ ನಾವು ಸ್ವಲ್ಪ ಗಿಡ್ಡ ಇರುತ್ತೇವೆ. ನಾನು ನಮ್ಮ ಮನೆಯ ಕಂಬಕ್ಕೆ ಮೊದಲ ಗೆರೆ ಹಾಕಿದ್ದೇನೆ.